ಅಂಗಳದ ಎರಡು ಗಾಡಿಗಳು: 1998ರ 800, 2023ರ ಈಕೋ

ಮೃಗಶಿರಾ ಮಳೆ ಹಿಡಿಯುವ ಹೊತ್ತಿಗೆ ನಮ್ಮ ಮನೆಯ ಎರಡೂ ಗಾಡಿಗಳ ವಿಮೆಯ ಅವಧಿ ಮುಗಿಯುತ್ತದೆ. ಒಂದು, 1998ರಲ್ಲಿ ಅಪ್ಪ ಕೊಂಡ ಬಿಳಿಯ ಮಾರುತಿ 800. ಇನ್ನೊಂದು, 2023ರಲ್ಲಿ ನಾನು ಕೊಂಡ ಐದು ಆಸನದ ಮಾರುತಿ ಈಕೋ ವ್ಯಾನು. ಸಾವಿರ ಸಿಸಿಯೊಳಗಿನ ಕಾರುಗಳಿಗೆ 2022ರಲ್ಲಿ ನಿಗದಿಯಾದ ದರದಂತೆ 800ರ ಥರ್ಡ್ ಪಾರ್ಟಿ ವಿಮೆಗೆ, ಅಂದರೆ ಅಪಘಾತದಲ್ಲಿ ಇತರರಿಗಾಗುವ ನಷ್ಟದ ವಿಮೆಗೆ, ತೆರಿಗೆ ಬಿಟ್ಟು 2,094 ರೂಪಾಯಿ. ವ್ಯಾನಿನದನ್ನು ಕೊಳ್ಳುವಾಗಲೇ ಮೂರು ವರ್ಷಕ್ಕೆ ಒಟ್ಟಿಗೆ 10,640 ರೂಪಾಯಿ ಕಟ್ಟಿಸಿಕೊಂಡಿದ್ದರಿಂದ ಆ ಅವಧಿಯಲ್ಲಿ ವರ್ಷವರ್ಷವೂ ಕಟ್ಟಬೇಕಾದದ್ದು ಗಾಡಿಗೆ ಆಗುವ ಹಾನಿಯ ಭಾಗದ ವಿಮೆಯನ್ನು ಮಾತ್ರ. ಕಾಗದಪತ್ರ ನೋಡಿಕೊಳ್ಳುವ ಹುಡುಗ ಪ್ರತಿ ಸಲವೂ, "ಹಳೇದಕ್ಕೂ ಕಟ್ಬೇಕಾ ಸಾರ್? ಹೊಸದು ಬಂದು ಇಷ್ಟು ದಿನ ಆಯ್ತಲ್ಲ" ಎಂದು ಕೇಳುತ್ತಾನೆ. ಅವನ ಪ್ರಶ್ನೆ ಸರಿಯಾದದ್ದೇ. ವ್ಯಾನು ಬಂದ ಆರು ತಿಂಗಳೊಳಗೆ ಕಾರನ್ನು ಮಾರಿಬಿಡುವುದೆಂದು ನಾನೂ ಅಂದುಕೊಂಡಿದ್ದೆ. ಮಾರದೆ ಉಳಿಸಿಕೊಂಡದ್ದು ಅಪ್ಪನ ನೆನಪಿಗಾಗಿ ಎಂದು ನೆಂಟರು ತಿಳಿದಿದ್ದಾರೆ, ಹಾಗೇನೂ ಇಲ್ಲ. ನೆನಪಿಗಾದರೆ ಅಪ್ಪನ ಕೊಡೆ, ಅಡಕತ್ತರಿ, ಲೆಕ್ಕದ ಪುಸ್ತಕಗಳು ಎಲ್ಲವೂ ಇವೆ. ಕಾರಣ ಬೇರೆ, ಅದು ತೂಕಕ್ಕೆ ಸಂಬಂಧಿಸಿದ್ದು.

ಎರಡೂ ಒಂದೇ ಕಂಪನಿಯ ಗಾಡಿಗಳಾದರೂ ಅವುಗಳ ವಂಶ ಬೇರೆ. 800ರ ಮೊದಲ ಕಾರಿನ ಕೀಲಿಯನ್ನು 1983ರ ಡಿಸೆಂಬರ್ 14ರಂದು ಇಂದಿರಾ ಗಾಂಧಿಯವರು ಹಸ್ತಾಂತರಿಸಿದರು. ನಮ್ಮದು 1986ರಲ್ಲಿ ಬದಲಾದ ಎರಡನೆಯ ರೂಪದ್ದು: 796 ಸಿಸಿಯ ಮೂರು ಸಿಲಿಂಡರಿನ ಎಂಜಿನ್, ಕಾರ್ಬುರೇಟರ್, 37 ಅಶ್ವಶಕ್ತಿ, ನಾಲ್ಕು ಗೇರು. ಅದೇ ಎಂಜಿನ್ನನ್ನು ಮುಂದಿನ ಸೀಟಿನ ಕೆಳಗಿಟ್ಟು, ಹಿಂದಿನ ಚಕ್ರಗಳನ್ನು ತಿರುಗಿಸುವಂತೆ ಮಾಡಿ 1984ರಲ್ಲಿ ಹೊರತಂದ ಗಾಡಿಯೇ ಮಾರುತಿ ವ್ಯಾನ್; ಮುಂದೆ ಓಮ್ನಿ ಎಂದು ಹೆಸರಾದದ್ದು. ಈಕೋ ಈ ಎರಡನೆಯ ಸಾಲಿಗೆ ಸೇರಿದ್ದು, 2001ರಲ್ಲಿ ಬಂದ ಮಾರುತಿಯದೇ ವರ್ಸಾ ವ್ಯಾನಿನ ಮೈಕಟ್ಟನ್ನು ಪಡೆದದ್ದು. ಅದು ಮಾರುಕಟ್ಟೆಗೆ ಬಂದದ್ದು 2010ರ ಜನವರಿಯಲ್ಲಿ. ಅದೇ ವರ್ಷ ಏಪ್ರಿಲ್‌ನಲ್ಲಿ ಬೆಂಗಳೂರೂ ಸೇರಿದಂತೆ ಹದಿಮೂರು ನಗರಗಳಲ್ಲಿ ಗಾಡಿಗಳ ಹೊಗೆಗೆ ಮಿತಿ ಹಾಕುವ ಬಿಎಸ್ 4 ನಿಯಮ ಬಂದು ಅಲ್ಲಿ 800ರ ಮಾರಾಟ ನಿಂತಿತು. 2014ರ ಜನವರಿಯಲ್ಲಿ ಅದರ ತಯಾರಿಕೆಯೇ ನಿಂತಿತು. ನಮ್ಮ ಈಕೋ 2022ರ ನವೆಂಬರ್‌ನಲ್ಲಿ ಬಂದ ಹೊಸ ಎಂಜಿನ್ನಿನದು. 1197 ಸಿಸಿ, ನಾಲ್ಕು ಸಿಲಿಂಡರು, ಹೆಚ್ಚುಕಡಿಮೆ 80 ಅಶ್ವಶಕ್ತಿ, ಐದು ಗೇರು.

ಅಳತೆಯಲ್ಲಿ ಈ ಎರಡರ ವ್ಯತ್ಯಾಸ ನೋಡಿದವರಿಗೆ ತೋರುವಷ್ಟು ಇಲ್ಲ. 800ರ ಉದ್ದ 3335 ಮಿಲಿಮೀಟರ್, ಈಕೋದ್ದು 3675. ಅಂದರೆ ಒಂದು ಅಡಿಗಿಂತ ತುಸು ಹೆಚ್ಚು. ಅಗಲದಲ್ಲಂತೂ 1440 ಮತ್ತು 1475, ಮೂರೂವರೆ ಸೆಂಟಿಮೀಟರಿನ ಮಾತು. ಗೋಣಿಚೀಲದಲ್ಲಿ ಸುತ್ತಿದಂತೆ ಕಾಣುವ ಈ ವ್ಯಾನು ಕಾರಿಗಿಂತ ನಿಜವಾಗಿ ಬೆಳೆದಿರುವುದು ಮೇಲಕ್ಕೆ ಮಾತ್ರ: ಕಾರು 1.4 ಮೀಟರ್ ಎತ್ತರ, ವ್ಯಾನು 1.8 ಮೀಟರ್. ತಿರುಗುವ ತ್ರಿಜ್ಯವೂ 4.4 ಮತ್ತು 4.5 ಮೀಟರ್ ಆದ್ದರಿಂದ ನಮ್ಮ ಉಣುಗೋಲು ದಾಟಿ ಅಂಗಳದ ಬಾವಿಯನ್ನು ಬಳಸಿ ಬರುವುದರಲ್ಲಿ ಯಾವುದಕ್ಕೂ ತೊಂದರೆಯಿಲ್ಲ. ತೊಂದರೆಯಾದದ್ದು ಸೂರಿನಿಂದ. ಕೊಟ್ಟಿಗೆಯ ಪಕ್ಕಕ್ಕೆ ಅಪ್ಪ ಇಳಿಸಿದ ಹೆಂಚಿನ ಮಾಡು, ಮಲೆನಾಡಿನ ಎಲ್ಲ ಮಾಡುಗಳಂತೆ ಮಳೆಯ ಎರಚಲು ಒಳಗೆ ಬಾರದಿರಲೆಂದು ತಗ್ಗಾಗಿಯೇ ಇದೆ. ಅದರ ಕೆಳಗೆ 800 ನುಸುಳಿ ನಿಲ್ಲುತ್ತದೆ, ವ್ಯಾನು ನಿಲ್ಲುವುದಿಲ್ಲ. ಹಾಗಾಗಿ ಇಪ್ಪತ್ತೇಳು ವರ್ಷ ದಾಟಿದ ಕಾರು ಬೆಚ್ಚಗೆ ಒಳಗಿರುತ್ತದೆ, ಸಾಲ ತೀರದ ವ್ಯಾನು ಆಷಾಢದ ಮಳೆಯಲ್ಲಿ ನೆನೆಯುತ್ತಿರುತ್ತದೆ.

ಈಗ ತೂಕದ ವಿಷಯ. ನಮ್ಮ ಮನೆ ತೀರ್ಥಹಳ್ಳಿ ತಾಲ್ಲೂಕಿನ ಒಂದು ಕಣಿವೆಯ ತಳದಲ್ಲಿದೆ. ಡಾಂಬರು ರಸ್ತೆಯನ್ನು ಮುಟ್ಟಬೇಕಾದರೆ ಸುಮಾರು ಮುನ್ನೂರು ಮೀಟರ್ ಮಣ್ಣಿನ ಏರನ್ನು ಹತ್ತಬೇಕು. ಬೇಸಿಗೆಯಲ್ಲಿ ಅದು ಗಟ್ಟಿ ಜಂಬಿಟ್ಟಿಗೆಯ ನೆಲ, ಮಳೆಗಾಲದಲ್ಲಿ ಹಾವಸೆ ಕಟ್ಟಿದ ಜಾರುಬಂಡೆ. ಮಾರುತಿ 800 ಮುಂದಿನ ಚಕ್ರಗಳಿಂದ ಎಳೆಯುವ ಗಾಡಿ. ಎಂಜಿನ್ನೂ ಮುಂದೆಯೇ ಇರುವುದರಿಂದ ಸಮತಟ್ಟಿನಲ್ಲಿ ಆ ಚಕ್ರಗಳ ಮೇಲೆ ಸಾಕಷ್ಟು ಭಾರ ಕೂತಿರುತ್ತದೆ, ನೆಲದ ಹಿಡಿತ ಚೆನ್ನಾಗಿರುತ್ತದೆ. ಆದರೆ ಏರು ಹತ್ತುವಾಗ ಗಾಡಿಯ ಭಾರ ಹಿಂದಕ್ಕೆ ವಾಲುತ್ತದೆ. ಹಿಂದಿನ ಸೀಟಿನಲ್ಲಿ ಮೂವರು ಕೂತಿದ್ದರೆ ಇನ್ನಷ್ಟು ವಾಲುತ್ತದೆ. ಎಳೆಯಬೇಕಾದ ಚಕ್ರಗಳ ಮೇಲೆ ಭಾರವಿಲ್ಲದಂತಾಗಿ ಅವು ನಿಂತಲ್ಲೇ ಗಿರಗಿರ ತಿರುಗುತ್ತವೆ. ನಮ್ಮ ಬಾಲ್ಯದಲ್ಲಿ ಅಪ್ಪ ಇದಕ್ಕೆ ಕಂಡುಕೊಂಡಿದ್ದ ಉಪಾಯವೆಂದರೆ ಎಲ್ಲರನ್ನೂ ಇಳಿಸಿ, ಅಂಗಳದಲ್ಲೇ ಕಾರನ್ನು ತಿರುಗಿಸಿ, ರಿವರ್ಸ್ ಗೇರಿನಲ್ಲಿ ಹಿಮ್ಮುಖವಾಗಿ ಏರನ್ನು ಹತ್ತಿಸುವುದು. ಹಾಗೆ ಹೋದಾಗ ಎಂಜಿನ್ನೂ ಎಳೆಯುವ ಚಕ್ರಗಳೂ ಇಳಿಜಾರಿನ ಕೆಳಗಿನ ತುದಿಯಲ್ಲಿರುತ್ತವೆ, ಹಿಂದಕ್ಕೆ ವಾಲಿದ ಭಾರವೆಲ್ಲ ಅವುಗಳ ಮೇಲೇ ಬೀಳುತ್ತದೆ. ನಾವು ಮಕ್ಕಳು ಕೊಡೆ ಹಿಡಿದು ಏರಿನ ಪಕ್ಕದ ಧರೆಗೆ ಒತ್ತಿಕೊಂಡು ನಿಂತು, ಬೆನ್ನು ತೋರಿಸಿಕೊಂಡು ಹತ್ತಿಬರುವ ಕಾರನ್ನು ನೋಡುತ್ತಿದ್ದೆವು. ಭೌತಶಾಸ್ತ್ರವನ್ನು ಓದದ ಅಪ್ಪನಿಗೆ ಅದು ಹೇಗೆ ಹೊಳೆಯಿತೋ ಕೇಳಲಿಲ್ಲ. ಬಹುಶಃ ಎತ್ತಿನ ಗಾಡಿಯ ಅನುಭವವೇ ಇರಬೇಕು.

ಈಕೋ ಈ ಏರಿನಲ್ಲಿ ತದ್ವಿರುದ್ಧ ಸ್ವಭಾವದ್ದು. ಅದರ ಎಂಜಿನ್ ಮುಂದಿನ ಸೀಟುಗಳ ಕೆಳಗೆ, ತಳ್ಳುವ ಚಕ್ರಗಳು ಹಿಂದೆ. ಏರಿನಲ್ಲಿ ಹಿಂದಕ್ಕೆ ವಾಲುವ ಭಾರ ಅದಕ್ಕೆ ಅನುಕೂಲವೇ ಆಗುತ್ತದೆ. ಕೊಯ್ಲಿನ ಕಾಲದಲ್ಲಿ ಹಿಂಬದಿಯಲ್ಲಿ ನಾಲ್ಕು ಮೂಟೆ ಅಡಿಕೆ, ನಡುವಿನ ಸೀಟಿನಲ್ಲಿ ಮೂವರು, ಇಷ್ಟನ್ನೂ ಹೊತ್ತು ಅದು ಮೊದಲ ಗೇರಿನಲ್ಲಿ ಒಂದೇ ಉಸಿರಿಗೆ ಹತ್ತಿಬಿಡುವುದನ್ನು ಮೊದಲ ಸಲ ಕಂಡಾಗ, ರಿವರ್ಸ್ ಗೇರಿನ ಕಾಲ ಮುಗಿಯಿತೆಂದು ನಾನು ಸಂತೋಷಪಟ್ಟೆ. ಆ ಸಂತೋಷ ಮಳೆಗಾಲದವರೆಗೆ ಮಾತ್ರ ಉಳಿಯಿತು. ಪುಷ್ಯ ಮಳೆಯ ಒಂದು ಮುಂಜಾನೆ ಒಬ್ಬನೇ ಹೊರಟು, ಖಾಲಿ ವ್ಯಾನನ್ನು ಏರಿನ ನಡುವೆ ಒಮ್ಮೆ ನಿಲ್ಲಿಸಿ ಮತ್ತೆ ಹೊರಡಿಸಲು ನೋಡಿದಾಗ ಹಿಂದಿನ ಒಂದು ಚಕ್ರ ಹಾವಸೆಯ ಮೇಲೆ ಸುತ್ತತೊಡಗಿತು, ಬಾಲ ಮೆಲ್ಲನೆ ಚರಂಡಿಯ ಕಡೆಗೆ ಸರಿಯಿತು. ತಪ್ಪು ನನ್ನದೇ, ನಡುವೆ ನಿಲ್ಲಿಸಬಾರದಿತ್ತು. ಆದರೂ ಅಂದು ಅರ್ಥವಾದದ್ದು ಇಷ್ಟು: ಹೇರು ಇಲ್ಲದಾಗ ವ್ಯಾನಿನ ಹಿಂಭಾಗ ಬರಿಯ ತಗಡಿನ ಪೆಟ್ಟಿಗೆ; ಅದರ ಕಾಲಿಗೆ ಬಲ ಬರುವುದು ಬೆನ್ನ ಮೇಲೆ ಹೊರೆ ಬಿದ್ದಾಗ. ಹಗುರವಾಗಿದ್ದಾಗ 800 ಮುಂದು, ಭಾರವಾಗಿದ್ದಾಗ ಈಕೋ ಮುಂದು.

ಶಕ್ತಿಯ ಲೆಕ್ಕವೂ ಇದನ್ನೇ ಹೇಳುತ್ತದೆ. 37 ಎಲ್ಲಿ, 80 ಎಲ್ಲಿ ಎಂದು ಮೊದಲಿಗೆ ಅನ್ನಿಸುವುದು ಸಹಜ. ಆದರೆ 800ರ ತೂಕ ಬರಿಯ 650 ಕಿಲೋ. ನಾನೊಬ್ಬನೇ ಕೂತರೆ 720 ಎಂದಿಟ್ಟುಕೊಳ್ಳಿ, ಟನ್ನಿಗೆ 51 ಅಶ್ವಶಕ್ತಿಯಾಯಿತು. ಈಕೋ ಖಾಲಿಯಿದ್ದಾಗಲೇ 900 ಕಿಲೋ ಮೀರುತ್ತದೆ. ಐದು ಜನ ಮತ್ತು ಸಾಮಾನು ಸೇರಿ ಒಂದೂವರೆ ಟನ್ನಿಗೆ ಮುಟ್ಟಿದಾಗ ಅದರ ಪಾಲಿಗೆ ಟನ್ನಿಗೆ 53ರಷ್ಟು ಉಳಿಯುತ್ತದೆ. ಅಂದರೆ ತುಂಬಿದ ವ್ಯಾನು ಓಡುವ ಹುರುಪೂ, ನಾನೊಬ್ಬನೇ ಕೂತ 800 ಓಡುವ ಹುರುಪೂ ಸುಮಾರಾಗಿ ಒಂದೇ. ಐದು ಜನರನ್ನು ತುಂಬಿಕೊಂಡ 800ರ ಪಾಡು ಮಾತ್ರ ನೋಡಲಾಗದು. ಟನ್ನಿಗೆ 37ಕ್ಕೆ ಇಳಿದ ಅದು ಪ್ರತಿ ದಿಬ್ಬದಲ್ಲೂ ಎರಡನೆಯ ಗೇರನ್ನು ಬೇಡುತ್ತದೆ. ಅಪ್ಪ ಅದರಲ್ಲೇ ಅತ್ತೆಯ ಮದುವೆಗೆ ಏಳು ಜನರನ್ನು ಕರೆದುಕೊಂಡು ಹೋಗಿದ್ದರೆಂಬ ಕತೆಯನ್ನು ಮನೆಯಲ್ಲಿ ಹೆಮ್ಮೆಯಿಂದ ಹೇಳುತ್ತಾರೆ. ನನಗದರಲ್ಲಿ ಹೆಮ್ಮೆಪಡುವಂಥದ್ದೇನೂ ಕಾಣುವುದಿಲ್ಲ.

ಆಗುಂಬೆ ಘಾಟಿಯ ಹದಿನಾಲ್ಕು ಹಿಮ್ಮುರಿ ತಿರುವುಗಳಲ್ಲಿ ಎರಡನ್ನೂ ಓಡಿಸಿದ್ದೇನೆ. ಇಳಿಯುವಾಗ ಎರಡಕ್ಕೂ ಒಂದೇ ನಿಯಮ: ಎರಡನೆಯ ಗೇರಿನಲ್ಲಿಟ್ಟು ಎಂಜಿನ್ನಿನ ತಡೆಯಲ್ಲೇ ಇಳಿಯಬೇಕು, ಬ್ರೇಕನ್ನು ನಂಬಿ ಕೂರಬಾರದು. ಆದರೆ ತಿರುವಿನೊಳಗಿನ ಅನುಭವ ಬೇರೆ ಬೇರೆ. 800ರಲ್ಲಿ ಕೂತವನ ಸೊಂಟ ರಸ್ತೆಗೆ ಹತ್ತಿರ. ಹನ್ನೆರಡಂಗುಲದ ಚಕ್ರ ಯಾವ ಕಲ್ಲಿನ ಮೇಲೆ ಹೋಯಿತೆಂಬುದು ಸ್ಟಿಯರಿಂಗಿನಲ್ಲೇ ಗೊತ್ತಾಗುತ್ತದೆ, ಗಾಡಿ ಮೈಬಗ್ಗಿಸದೆ ತಿರುಗುತ್ತದೆ. ಪವರ್ ಸ್ಟಿಯರಿಂಗ್ ಇಲ್ಲದಿದ್ದರೂ ಗಾಡಿ ಚಲಿಸುತ್ತಿರುವಷ್ಟು ಹೊತ್ತು ಅದರ ಕೊರತೆ ಕಾಣುವುದಿಲ್ಲ. ಈಕೋದಲ್ಲಿ ಎತ್ತರದಲ್ಲಿ ಕೂತಿರುತ್ತೇವಾದ್ದರಿಂದ ಮುಂದಿನ ತಿರುವಿನಿಂದ ಹತ್ತಿಬರುವ ಬಸ್ಸು ತುಸು ಮೊದಲೇ ಕಾಣುತ್ತದೆ. ಅದು ಘಾಟಿಯಲ್ಲಿ ಸಣ್ಣ ಉಪಕಾರವಲ್ಲ. ಆದರೆ ಮೂರೂವರೆ ಸೆಂಟಿಮೀಟರ್ ಅಗಲ ಹೆಚ್ಚಿ ನಲವತ್ತೆರಡು ಸೆಂಟಿಮೀಟರ್ ಎತ್ತರ ಹೆಚ್ಚಿದ ಮೈ ತಿರುವಿನಲ್ಲಿ ಓಲಾಡಲೇಬೇಕು. ಹಿಂದೆ ಕೂತ ಮಗಳಿಗೆ ಸೋಮೇಶ್ವರ ಮುಟ್ಟುವಷ್ಟರಲ್ಲಿ ಹೊಟ್ಟೆ ತೊಳಸುತ್ತದೆ. ಕಾರಿನಲ್ಲಿ ಅವಳಿಗೆ ಎಂದೂ ಹಾಗಾಗಿಲ್ಲ. ಹಾಗಾಗಿ ಘಟ್ಟದ ಕೆಳಗೆ ನಾವು ಮೂವರೇ ಹೋಗುವುದಾದರೆ ಕಾರು, ಅಮ್ಮನೂ ಬರುವುದಾದರೆ ವ್ಯಾನು ಎಂದಾಗಿದೆ.

ಅಮ್ಮನ ವಿಷಯಕ್ಕೆ ಬಂದರೆ ಯಾವುದು ಮೇಲೆಂದು ತೀರ್ಮಾನಿಸಲು ನನಗೆ ಇನ್ನೂ ಆಗಿಲ್ಲ. ಅವಳ ಮಂಡಿಗಳು ಸವೆದಿವೆ. 800ರ ಸೀಟು ತೀರ ತಗ್ಗು. ಒಳಗೆ ಇಳಿಯುವುದು ಸುಲಭ, ಎದ್ದು ಹೊರಬರುವುದು ಕಷ್ಟ. ಬಾಗಿಲಿನ ಚೌಕಟ್ಟು ಹಿಡಿದು, ನನ್ನ ಕೈ ಹಿಡಿದು, "ಸ್ವಲ್ಪ ತಾಳು" ಎಂದು ಎರಡು ಸಲ ಹೇಳಿ ಏಳುತ್ತಾಳೆ. ಈಕೋದಲ್ಲಿ ಸರಿಯುವ ಬಾಗಿಲು ದೊಡ್ಡದು, ಒಳಗೆ ತಲೆ ಬಗ್ಗಿಸುವ ಅಗತ್ಯವಿಲ್ಲ, ಸೀಟಿನಿಂದ ಏಳುವುದು ಕುರ್ಚಿಯಿಂದ ಎದ್ದಂತೆ. ಆದರೆ ನೆಲಹಾಸು ಎತ್ತರದಲ್ಲಿದೆ, ಮೇಲೆ ಹತ್ತುವುದೇ ಸಾಹಸ. ಕೊನೆಗೆ ಊಟದ ಮಣೆಗಳಲ್ಲಿ ದಪ್ಪನೆಯ ಎರಡನ್ನು ಒಂದರ ಮೇಲೊಂದಿಟ್ಟು ಮೊಳೆ ಹೊಡೆಸಿ ಒಂದು ಮೆಟ್ಟಿಲು ಮಾಡಿಸಿದೆ. ಶಿವಮೊಗ್ಗದ ಆಸ್ಪತ್ರೆಗೆ ಹೋದಾಗ ಬಾಗಿಲ ಬಳಿ ನಾನು ಮಣೆ ಇಡುತ್ತೇನೆ, ಅಮ್ಮ ಹಸೆಮಣೆ ಏರಿದ ಗಾಂಭೀರ್ಯದಲ್ಲಿ ಅದರ ಮೇಲೆ ಕಾಲಿಟ್ಟು ಇಳಿಯುತ್ತಾಳೆ, ಕಾವಲಿನವನು ನಗುತ್ತಾನೆ. ಒಮ್ಮೆ ಅದನ್ನು ಅಲ್ಲಿಯೇ ಮರೆತು ಮಂಡಗದ್ದೆಯವರೆಗೆ ಬಂದು ಮತ್ತೆ ಹಿಂತಿರುಗಿ ಹೋದದ್ದೂ ಉಂಟು.

ನಿರ್ವಹಣೆಯಲ್ಲಿ ಹೊಸದು ಸುಲಭ, ಹಳೆಯದು ಸರಳ. ಇವೆರಡೂ ಒಂದೇ ಅಲ್ಲ. 800ರ ಬಾನೆಟ್ ಎತ್ತಿದರೆ ಎಲ್ಲವೂ ಕಣ್ಣೆದುರಿಗೆ ಇರುತ್ತದೆ, ನೆಲ ಕಾಣುವಷ್ಟು ಜಾಗ ಉಳಿದಿರುತ್ತದೆ. ಕಾರ್ಬುರೇಟರಿನ ಐಡ್ಲಿಂಗ್ ಸ್ಕ್ರೂ ತಿರುವುವುದು, ಸ್ಪಾರ್ಕ್ ಪ್ಲಗ್ ಬಿಚ್ಚಿ ಮಸಿ ತೆಗೆಯುವುದು, ಡಿಸ್ಟ್ರಿಬ್ಯೂಟರಿನ ಮುಚ್ಚಳದೊಳಗೆ ಸೇರಿದ ತೇವ ಒರೆಸುವುದು, ಇವನ್ನೆಲ್ಲ ನಾನೇ ಕಲಿತಿದ್ದೇನೆ. ಕಲಿಯದಿದ್ದರೆ ಮಲೆನಾಡಿನ ಮಳೆಯಲ್ಲಿ ಆ ಕಾರನ್ನು ಇಟ್ಟುಕೊಳ್ಳಲಾಗದು. ಚಳಿಗಾಲದ ಬೆಳಿಗ್ಗೆ ಚೋಕ್ ಎಳೆದು, ಎಂಜಿನ್ ಕೆಮ್ಮಿ, ಎರಡು ನಿಮಿಷ ಬೆಚ್ಚಗಾದ ಮೇಲೆ ಚೋಕನ್ನು ಮೆಲ್ಲನೆ ಒಳಗೆ ತಳ್ಳಿ ಹೊರಡಬೇಕು. ಈಕೋಗೆ ಕೀಲಿ ತಿರುಗಿಸಿದರೆ ಸಾಕು. ಎಣ್ಣೆಯ ಮಟ್ಟ ನೋಡಬೇಕಾದರೆ ಮಾತ್ರ ಮುಂದಿನ ಸೀಟನ್ನೇ ಎತ್ತಬೇಕು. ಬೇಸಿಗೆಯಲ್ಲಿ ದೂರ ಓಡಿದ ಮೇಲೆ ಎಂಜಿನ್ನಿನ ಕಾವು ಕೂತಲ್ಲಿಗೆ ತಿಳಿಯುವುದೂ ಇದೇ ರಚನೆಯಿಂದ. ಅದರ ಎಂಜಿನ್ನಿನೊಳಗೆ ಕವಾಟಗಳನ್ನು ಸರಿಯಾದ ಹೊತ್ತಿಗೆ ತೆರೆಸುವ ಟೈಮಿಂಗ್ ಚೈನ್ ಇದೆ, ಸಾಮಾನ್ಯವಾಗಿ ಅದರ ಗೊಡವೆಗೆ ಹೋಗಬೇಕಾಗಿಲ್ಲ. 800ಕ್ಕೆ ಇರುವುದು ರಬ್ಬರಿನ ಬೆಲ್ಟು. ಅದನ್ನು ಲೆಕ್ಕ ಇಟ್ಟು ಬದಲಾಯಿಸುತ್ತಿರಬೇಕು. ಅಪ್ಪ ಬದಲಾಯಿಸಿದ ದಿನವನ್ನೂ ಕಿಲೋಮೀಟರನ್ನೂ ಬಾನೆಟ್ಟಿನ ಒಳಮೈಯಲ್ಲಿ ಬಣ್ಣದಿಂದ ಬರೆಯುತ್ತಿದ್ದರು, ನಾನೂ ಅದರ ಕೆಳಗೇ ಬರೆಯುತ್ತೇನೆ. ಈಚೆಗೆ ಪೆಟ್ರೋಲಿನಲ್ಲಿ ಶೇಕಡಾ 20ರಷ್ಟು ಎಥನಾಲ್ ಬೆರೆತು ಬರುತ್ತಿರುವುದರಿಂದ ಹಳೆಯ ಕಾರಿನ ರಬ್ಬರ್ ಕೊಳವೆಗಳ ಮೇಲೂ ಕಣ್ಣಿಡಬೇಕಾಗಿದೆ. ಅವು ಅಂಥ ಇಂಧನವನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದವಲ್ಲ. ಕಳೆದ ವರ್ಷ ಎಲ್ಲವನ್ನೂ ಒಮ್ಮೆಗೇ ಹೊಸದು ಹಾಕಿಸಿದೆ.

ಸುರಕ್ಷತೆಯಲ್ಲಿ ಚರ್ಚೆಗೆ ಎಡೆಯೇ ಇಲ್ಲ. 800ರಲ್ಲಿ ಏರ್‌ಬ್ಯಾಗ್ ಇಲ್ಲ, ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಬಿಗಿದುಕೊಳ್ಳದಂತೆ ತಡೆಯುವ ಎಬಿಎಸ್ ಇಲ್ಲ, ಬಾಗಿಲಿನ ತಗಡು ಬೆರಳಿನಿಂದ ಒತ್ತಿದರೆ ಒಳಗೆ ಹೋಗುತ್ತದೆ. ನಮ್ಮ ಈಕೋದಲ್ಲಿ ಮುಂದೆ ಎರಡು ಏರ್‌ಬ್ಯಾಗ್, ಎಬಿಎಸ್, ಹಿಂದಕ್ಕೆ ತೆಗೆಯುವಾಗ ಕೂಗುವ ಸೆನ್ಸರ್, ಬೆಲ್ಟ್ ಹಾಕದಿದ್ದರೆ ಕೂಗುವ ಗಂಟೆ, ವೇಗ 80 ದಾಟಿದರೆ ಕೂಗುವ ಗಂಟೆ, ಎಲ್ಲವೂ ಇವೆ. ಹಾಗೆಂದು ವ್ಯಾನು ಕೋಟೆಯೆಂದು ತಿಳಿಯಬಾರದು: 2016ರಲ್ಲಿ, ಕಾರುಗಳನ್ನು ಡಿಕ್ಕಿ ಹೊಡೆಸಿ ನೋಡುವ ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಏರ್‌ಬ್ಯಾಗ್ ಇಲ್ಲದ ಅಂದಿನ ಈಕೋಗೆ ಒಂದು ನಕ್ಷತ್ರವೂ ಬಂದಿರಲಿಲ್ಲ. ಅನಂತರ ಸೇರಿದ ಉಪಕರಣಗಳಲ್ಲಿ ಹೆಚ್ಚಿನವು ಕಾನೂನಿನ ಒತ್ತಾಯದಿಂದ ಬಂದವು. ಹೆದ್ದಾರಿಯಲ್ಲಿ ದೂರ ಹೋಗುವುದಿದ್ದರೆ ನಾನು ವ್ಯಾನನ್ನೇ ತೆಗೆಯುತ್ತೇನೆ, ಅದರಲ್ಲೂ 80ರ ಗಂಟೆ ಕೂಗದಂತೆ ಓಡಿಸುತ್ತೇನೆ. ಎಸಿಯ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ: ವ್ಯಾನಿನಲ್ಲಿದೆ, ಕಾರಿನಲ್ಲಿಲ್ಲ, ನಮ್ಮ ಊರಿನಲ್ಲಿ ವರ್ಷಕ್ಕೆ ಎರಡು ತಿಂಗಳು ಬೇಕು. ಮುಂಬಾಗಿಲಿನ ಗಾಜನ್ನು ಎರಡರಲ್ಲೂ ಕೈಯಿಂದಲೇ ತಿರುವಿ ಇಳಿಸಬೇಕೆಂಬುದು, ಇಪ್ಪತ್ತೈದು ವರ್ಷಗಳ ಅಂತರದ ಎರಡು ಗಾಡಿಗಳಲ್ಲಿ, ಬೆಂಗಳೂರಿನಿಂದ ಬಂದ ಸೋದರಳಿಯನಿಗೆ ಬಹಳ ತಮಾಷೆಯಾಗಿ ಕಂಡಿತು.

ಖರ್ಚಿನಲ್ಲಿ ಹಳೆಯದನ್ನು ಇಟ್ಟುಕೊಳ್ಳುವುದು ಕ್ರಮೇಣ ತುಟ್ಟಿಯಾಗುತ್ತಿದೆ. 1998ರಲ್ಲಿ ನೋಂದಣಿಯಾದ ಕಾರಿಗೆ ಹದಿನೈದು ವರ್ಷ ತುಂಬಿದ್ದು 2013ರಲ್ಲಿ. ಆಮೇಲೆ ಐದೈದು ವರ್ಷಕ್ಕೊಮ್ಮೆ ನವೀಕರಣ. 2018ರಲ್ಲಿ ಅದರ ಶುಲ್ಕ 600 ರೂಪಾಯಿ ಇತ್ತು. 2022ರ ಏಪ್ರಿಲ್‌ನಿಂದ ಅದು 5,000 ಆಯಿತು, 2023ರಲ್ಲಿ ಅಷ್ಟನ್ನು ಕಟ್ಟಿದೆ. 2025ರಲ್ಲಿ ಇಪ್ಪತ್ತು ವರ್ಷ ದಾಟಿದ ಕಾರುಗಳಿಗೆ 10,000 ಎಂದು ಮಾಡಿದ್ದಾರೆ, ಹಸಿರು ತೆರಿಗೆ ಬೇರೆ. 2028ರಲ್ಲಿ ಅದನ್ನು ಕಟ್ಟಬೇಕೋ ಬೇಡವೋ ಎಂಬುದನ್ನು ಆಗಲೇ ನೋಡಬೇಕು. ಗುಜರಿಯವನು ಕಾರಿಗೆ ಹೇಳಿದ ಬೆಲೆಗೂ ಆ ಶುಲ್ಕಕ್ಕೂ ಬಹಳ ದೂರವೇನೂ ಇಲ್ಲ. ಪೆಟ್ರೋಲಿನಲ್ಲಿ ಉಳಿತಾಯವಿದೆ, ಆದರೆ ಅತಿಯಾಗಿ ಇಲ್ಲ: ನಮ್ಮ ರಸ್ತೆಗಳಲ್ಲಿ 800 ಲೀಟರಿಗೆ ಹದಿನೇಳು ಕೊಡುತ್ತದೆ, ಈಕೋ ಹದಿನೈದು. ಕಂಪನಿ ಹೇಳಿದ 19.71 ನಮ್ಮ ಗುಡ್ಡಗಳಿಗೆ ಅನ್ವಯಿಸದ ಸಂಖ್ಯೆ. ತಿಂಗಳಿಗೆ ಹತ್ತು ಸಲ ನಾನೊಬ್ಬನೇ ತೀರ್ಥಹಳ್ಳಿ ಪೇಟೆಗೆ ಹೋಗಿಬರುವುದಕ್ಕೆ ಒಂದು ಟನ್ ಕಬ್ಬಿಣವನ್ನು ಜೊತೆಗೆ ಒಯ್ಯುವುದೇಕೆ ಎಂಬ ಯೋಚನೆಯೇ ಆ ಎರಡು ಕಿಲೋಮೀಟರಿಗಿಂತ ಹೆಚ್ಚಾಗಿ ನನ್ನನ್ನು ಕಾರಿನ ಕಡೆಗೆ ಎಳೆಯುತ್ತದೆ.

ಮಳೆಗಾಲದಲ್ಲಿ ವ್ಯಾನಿನ ಖಾಲಿ ಬೆನ್ನಿಗೆ ಏನಾದರೂ ಮಾಡಲೇಬೇಕಾಗಿತ್ತು. ಊರಿನ ಹಳೆಯ ಜೀಪಿನ ಡ್ರೈವರೊಬ್ಬರು ಹೇಳಿದ ಉಪಾಯದಂತೆ, ನಲವತ್ತು ನಲವತ್ತು ಕಿಲೋದ ಎರಡು ಚೀಲ ಮರಳನ್ನು ಬಾಯಿ ಹೊಲಿದು ಹಿಂದಿನ ಚಕ್ರಗಳ ನೇರಕ್ಕೆ ಇಟ್ಟು, ಸರಿಯದಂತೆ ಹಗ್ಗ ಬಿಗಿದಿದ್ದೇನೆ. ಈಗ ಹಾವಸೆಯ ಏರಿನಲ್ಲಿ ಚಕ್ರ ಸುತ್ತುವುದಿಲ್ಲ, ಬಾಲ ಸರಿಯುವುದಿಲ್ಲ. ಅಮ್ಮನಿಗೆ ಮಾತ್ರ ಇದು ಸಮಾಧಾನವಿಲ್ಲ. ದುಡ್ಡು ಕೊಟ್ಟು ಪೆಟ್ರೋಲ್ ಹಾಕಿಸಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತುಂಗೆಯ ಮರಳನ್ನು ಊರೂರು ಸುತ್ತಿಸುವುದು ಯಾವ ಜಾಣತನ ಎಂದು ಕೇಳುತ್ತಾಳೆ. ತನ್ನ ಮಣೆ ಇಡುವ ಜಾಗವನ್ನೂ ಆ ಚೀಲಗಳೇ ಆಕ್ರಮಿಸಿವೆ ಎಂಬುದು ಅವಳ ಇನ್ನೊಂದು ದೂರು. ಸದ್ಯಕ್ಕೆ ಮಣೆಯನ್ನು ಮುಂದಿನ ಎಡಸೀಟಿನ ಮೇಲೆ ಕೂರಿಸಿ ಬೆಲ್ಟ್ ಹಾಕಿದ್ದೇನೆ, ಏಕೆಂದರೆ ಹಾಕದಿದ್ದರೆ ಅದನ್ನೂ ಮನುಷ್ಯರೆಂದು ತಿಳಿದು ಗಂಟೆ ಕೂಗುತ್ತದೆ.